ಒಪ್ಪಿಸಿದವನ ಅರ್ಥ

ಶನಿವಾರ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷವಿರುವಾಗ ಭಟ್ಕಳ ನಿಲ್ದಾಣದಲ್ಲಿ ಇಳಿದೆ. ಮಂಗಳೂರು ಕಡೆಯಿಂದ ಬಂದ ರೈಲು ಇಪ್ಪತ್ತು ನಿಮಿಷ ತಡವಾಗಿತ್ತು. ಮಾರ್ಚ್ ಕೊನೆಯ ಬಿಸಿಲಿಗೆ ಪ್ಲಾಟ್‌ಫಾರ್ಮಿನ ಬೆಂಚು ಆಗಲೇ ಕೂರಲಾರದಷ್ಟು ಕಾದಿತ್ತು. ನನ್ನ ಹೆಗಲ ಚೀಲದಲ್ಲಿ ಒಂದು ಜೊತೆ ಬಟ್ಟೆ, ನೀರಿನ ಬಾಟಲಿ, ಬೈಬಲಿನ ನಾಲ್ಕು ಶುಭಸಂದೇಶಗಳಿರುವ ಸಣ್ಣ ಪುಸ್ತಕ ಮತ್ತು ಹನ್ನೊಂದು ಪುಟದ ಟಿಪ್ಪಣಿ ಇದ್ದವು. ಎರಡೇ ದಿನದ ಪ್ರಯಾಣ. ಮೊದಲು ಭಟ್ಕಳದ ತೆಂಗಿನಗುಂಡಿ, ಸಂಜೆಗೆ ಹೊನ್ನಾವರ, ಭಾನುವಾರ ಮಧ್ಯಾಹ್ನ ಕುಮಟಾ ತಾಲೂಕಿನ ಧಾರೇಶ್ವರದಲ್ಲಿ ಒಂದು ತಾಳಮದ್ದಳೆ, ಅದು ಮುಗಿದ ಮೇಲೆ ಕುಮಟಾದಿಂದ ರೈಲು.

ತಾಳಮದ್ದಳೆ ನೋಡದವರಿಗೆ ಇಷ್ಟು ಹೇಳಬೇಕು. ಅದು ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪದ್ಯ ಹಾಡುತ್ತಾರೆ. ಎದುರುಬದುರು ಕುಳಿತ ಅರ್ಥಧಾರಿಗಳು ಆ ಪದ್ಯವನ್ನು ಹಿಡಿದುಕೊಂಡು ತಮ್ಮ ಪಾತ್ರದ ಪರವಾಗಿ ವಾದಿಸುತ್ತಾರೆ. ‘ಅರ್ಥ’ ಎಂದು ಕರೆಯುವ ಈ ಮಾತು ಮೊದಲೇ ಬರೆದದ್ದಲ್ಲ. ಎದುರಿನವರು ಏನು ಕೇಳುತ್ತಾರೋ ಅದಕ್ಕೆ ಆ ಕ್ಷಣವೇ ಉತ್ತರ ಹುಡುಕಬೇಕು. ಈ ಸಲದ ಪ್ರಸಂಗ ಪುರಾಣದ್ದಲ್ಲ. ಧಾರೇಶ್ವರದ ವಾಚನಾಲಯದವರೂ ಪಕ್ಕದ ಇಗರ್ಜಿ, ಅಂದರೆ ಚರ್ಚಿನವರೂ ಸೇರಿ ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರಕ್ಕೆಂದು ಹೊಸದಾಗಿ ಬರೆಸಿದ್ದರು. ಹೆಸರು ‘ಕೋಳಿ ಕೂಗಿದ ಮೇಲೆ’. ಯೇಸುವನ್ನು ಹಿಡಿದುಕೊಂಡು ಹೋದ ಮರುಬೆಳಗು, ಅವನ ಇಬ್ಬರು ಶಿಷ್ಯರು ಎದುರಾಗುತ್ತಾರೆ. ಗುರುವನ್ನು ಶತ್ರುಗಳಿಗೆ ಒಪ್ಪಿಸಿದ ಯೂದ, ಗುರು ಯಾರೆಂದೇ ಗೊತ್ತಿಲ್ಲ ಎಂದು ಬೆಳಗಿನ ಕೋಳಿ ಕೂಗುವ ಮೊದಲು ಮೂರು ಸಲ ಹೇಳಿದ ಪೇತ್ರ. ಗ್ರಂಥದಲ್ಲಿ ಇಂಥ ಭೇಟಿ ಇಲ್ಲ. ತಾಳಮದ್ದಳೆಗೆ ಅದು ಅಡ್ಡಿಯೂ ಅಲ್ಲ.

“ಪೇತ್ರ ನಾನು, ಯೂದ ನೀನು,” ಎಂದು ತಾಂಡೇಲ ಸರ್ ಫೋನಿನಲ್ಲಿ ಹೇಳಿದಾಗ ನಾನು ಹೂಂ ಎಂದೆ. ಆಮೇಲೆ ಹದಿಮೂರು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ.

ಕಾರಣ ಈಗಲೇ ಹೇಳಿಬಿಡುತ್ತೇನೆ. ತಾಂಡೇಲ ಸರ್ ನನ್ನ ಸಂಶೋಧನಾ ಮಾರ್ಗದರ್ಶಕರು. ಆರು ವರ್ಷದಿಂದ ಅವರ ವಿದ್ಯಾರ್ಥಿನಿ ನಾನು. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ನನಗೆ ಕಲಿಸಿದವರು ಅವರು. ನಮ್ಮ ವಿಭಾಗದಲ್ಲೇ ಬೇರೆ ಮಾರ್ಗದರ್ಶಕರ ಕೈಕೆಳಗೆ ಹೊನ್ನಾವರದ ಲವೀನಾ ಎಂಬ ಗೆಳತಿ ಇದ್ದಳು. ಯೇಸುವಿನ ಶಿಷ್ಯರ ನಿಷ್ಠೆ, ದ್ರೋಹಗಳನ್ನು ಕನ್ನಡ ಯಾವ ಶಬ್ದಗಳಲ್ಲಿ ಹೇಳಿತು ಎಂಬುದು ಅವಳ ವಿಷಯ. ತನ್ನ ಒಂದು ಅಧ್ಯಾಯವನ್ನು ಸರ್ ನೋಡಿದರೆ ಒಳ್ಳೆಯದು ಎಂದು ಅವಳು ಅದನ್ನು ನನ್ನ ಕೈಗೆ ಕೊಟ್ಟಳು. ನಾನು ಸರ್ ಕೈಗೆ ಕೊಟ್ಟೆ. ಏಳು ತಿಂಗಳ ನಂತರ ಸರ್ ಹೆಸರಿನಲ್ಲಿ ಒಂದು ಲೇಖನ ಬಂತು. ಅದರ ನಾಲ್ಕು ಪುಟ ಲವೀನಾಳವು. ಅವಳು ಪ್ರಬಂಧ ಸಲ್ಲಿಸಲು ಹೋದಾಗ ನಕಲು ಪತ್ತೆ ಮಾಡುವ ಕಂಪ್ಯೂಟರು ಅವಳ ಅಧ್ಯಾಯವನ್ನೇ ಕೆಂಪಾಗಿಸಿತು. ತನ್ನದೇ ಮಾತನ್ನು ಅವಳು ಕದ್ದಂತಾಯಿತು. ದೂರು ಕೊಟ್ಟಳು. ವಿಚಾರಣಾ ಸಮಿತಿಯ ಮುಂದೆ ಸರ್, ಆ ಅಧ್ಯಾಯ ತಾನು ಕಂಡಿಲ್ಲ, ಆ ಹುಡುಗಿಯ ಪರಿಚಯವೇ ತನಗಿಲ್ಲ ಎಂದರು. ಅಂಚಿನಲ್ಲಿ ಅವರ ಪೆನ್ಸಿಲ್ ಗುರುತುಗಳಿದ್ದ ಆ ಹಾಳೆಗಳನ್ನು ಅವರ ಮೇಜಿನ ಮೇಲೆ ನಾನು ಕಂಡಿದ್ದೆ. ಹಾಗೆಂದು ಸಮಿತಿಗೆ ಒಂದು ಪತ್ರ ಬರೆದೆ. ನನ್ನ ಹೆಸರನ್ನು ಗುಟ್ಟಾಗಿಟ್ಟಿದ್ದೇವೆ ಎಂದರು. ಸೋಮವಾರ ಹನ್ನೊಂದು ಗಂಟೆಗೆ ನಾನು ಖುದ್ದಾಗಿ ಹೋಗಿ, ಬರೆದದ್ದು ನಿಜವೆಂದು ಸಹಿ ಹಾಕಬೇಕಿತ್ತು. ಹಾಕದಿದ್ದರೆ ಪತ್ರ ಬಿದ್ದುಹೋಗುತ್ತದೆ, ಲವೀನಾಳ ದೂರೂ ಬೀಳುತ್ತದೆ.

ಪತ್ರ ಬರೆದ ಐದನೇ ದಿನ ಸರ್ ಫೋನು ಬಂದಿತ್ತು. ಯೂದ ನೀನು. ಅವರಿಗೆ ಗೊತ್ತಾಗಿದೆಯೇ? ಭಟ್ಕಳ ನಿಲ್ದಾಣದ ಹೊರಗೆ ಆಟೋದವನು ತೆಂಗಿನಗುಂಡಿಗೆ ಇನ್ನೂರು ಕೇಳಿದಾಗ ನಾನು ಚೌಕಾಸಿ ಮಾಡದೆ ಹತ್ತಿದ್ದು ಈ ಯೋಚನೆಯಲ್ಲೇ.

ತೆಂಗಿನಗುಂಡಿಗೆ ಹೋದದ್ದು ಪದ್ಯಗಳಿಗಾಗಿ. ಪ್ರಸಂಗದ ಪದ್ಯ ಬರೆದವರೂ ಹಾಡುವವರೂ ಈಶ್ವರ ಭಾಗವತರು. ಐವತ್ತನೇ ವಯಸ್ಸಿನವರೆಗೆ ದೋಣಿಯಲ್ಲಿ ಹೋದವರು, ಈಗ ಬಲೆ ಸರಿಮಾಡುತ್ತಾರೆ. ಮನೆ ಕಡಲಿಗೆ ಬೆನ್ನು ಹಾಕಿ ನಿಂತಿತ್ತು. ಜಗಲಿಯ ಮೇಲೆ ನೀಲಿ ನೈಲಾನ್ ಬಲೆ ಹರವಿಕೊಂಡು, ಕಾಲ ಹೆಬ್ಬೆರಳಿಗೆ ಅದರ ತುದಿ ಸಿಕ್ಕಿಸಿಕೊಂಡು ಕೂತಿದ್ದರು. ಅಂಗಳದಲ್ಲಿ ತಾರ್ಲೆ ಮೀನು ಒಣಗುತ್ತಿತ್ತು. ಅವರ ಹೆಂಡತಿ ನಾಗವೇಣಿಯಕ್ಕ ಕಾಗೆ ಓಡಿಸುತ್ತ ಕೋಲು ಹಿಡಿದು ನಿಂತಿದ್ದರು.

“ಬಾ ತಂಗಿ. ನೀನೇ ಅಲ್ದಾ ಯೂದ?” ಎಂದರು ಭಾಗವತರು. “ಊಟ ಆತಾ?”

“ಹತ್ತೂವರೆಗೆ ಎಂತ ಊಟ ಕೇಳೂದು?” ಎಂದು ನಾಗವೇಣಿಯಕ್ಕ ಗದರಿ ಒಳಗಿನಿಂದ ಚಾ ತಂದರು.

ಪದ್ಯಗಳು ಶಾಲೆಯ ನೋಟ್‌ಬುಕ್ಕಿನ ಆರು ಹಾಳೆಗಳಲ್ಲಿದ್ದವು. ಪೇತ್ರನಿಗೆ ಒಂಬತ್ತು, ಯೂದನಿಗೆ ನಾಲ್ಕು. ನಾನು ಎಣಿಸುವುದನ್ನು ನೋಡಿ ಭಾಗವತರು ನಕ್ಕರು.

“ಕಮ್ಮಿ ಆತು ಅಂತ ಬೇಜಾರಾ? ಪೇತ್ರ ನಮ್ಮ ಪೈಕಿ ಅಲ್ದಾ, ಮೀನು ಹಿಡಿಯಂವ. ಅವ್ನಿಗೆ ಪದ್ಯ ತನ್ನಷ್ಟಕ್ಕೇ ಬಂತು. ಈ ಯೂದಂದು ಎಂತ ಕಸುಬು?”

“ಗುಂಪಿನ ಹಣದ ಚೀಲ ಅವನ ಹತ್ತಿರ ಇರ್ತಿತ್ತು.”

“ಹೇಳು ಮತ್ತೆ. ದೋಣಿಲಿ ಹೋದಂವ ಆಗಿದ್ರೆ ಹಿಂಗೆ ಮಾಡ್ತಿರ್ಲಿಲ್ಲ.”

“ದೋಣಿಲಿ ಹೋದ ನಿಮ್ಮ ತಮ್ಮ ಎಂತ ಮಾಡ್ದ ಹೇಳ್ಲಾ?” ಎಂದು ನಾಗವೇಣಿಯಕ್ಕ ಅಂಗಳದಿಂದಲೇ ಕೇಳಿದರು. ಭಾಗವತರು ಬಲೆಯ ಕಡೆ ಬಗ್ಗಿದರು.

ಎರಡನೇ ಹಾಳೆಯಲ್ಲಿ ‘ಹಿಡಿದುಕೊಟ್ಟ’ ಎಂಬ ಶಬ್ದವಿತ್ತು, ಅದನ್ನು ಹೊಡೆದು ಮೇಲೆ ‘ಒಪ್ಪಿಸಿದ’ ಎಂದು ಬರೆದಿತ್ತು. ಏಕೆಂದು ಕೇಳಿದೆ.

“ನಾನು ಹಿಡಿದುಕೊಟ್ಟ ಅಂತ ಬರ್ದಿದ್ದೆ. ಹಾಡಿದ್ರೆ ಇಲ್ಲಿ ಹೆಂಗ್ಸ್ರು ನಗಾಡ್ತ್ರು. ಹಿಡ್ದು ಕೊಡೂದು ಅಂದ್ರೆ ನಮಗೆ ಮೀನೇ. ನಿಮ್ಮ ಸರ್ ಫೋನ್ ಮಾಡಿ ಒಪ್ಪಿಸಿದ ಅಂತ ಹಾಕಿ ಅಂದ್ರು. ಆ ಶಬ್ದದೊಳಗೆ ಬೇಕಾದಷ್ಟು ಉಂಟು, ತನ್ನದೊಂದು ಲೇಖನ ಉಂಟು ಅದ್ರ ಮೇಲೆ ಅಂದ್ರು.”

ಚಾದ ಲೋಟ ಕೆಳಗಿಟ್ಟೆ. ಆ ಶಬ್ದದೊಳಗೆ ಏನಿದೆ ಎಂದು ಮೊದಲು ಕಂಡವಳು ಲವೀನಾ. ಸರ್ ಕದ್ದ ನಾಲ್ಕು ಪುಟಗಳು ಇದೇ ಶಬ್ದದ ಬಗ್ಗೆ.

ಮಾತಾಡುತ್ತ ನಾನು ತಡವರಿಸಿದರೆ ಏನು ಮಾಡಲಿ ಎಂದು ಕೇಳಿದೆ. “ನಾ ಇದ್ದೆ ಅಲ್ದಾ,” ಎಂದರು ಭಾಗವತರು. “ಅರ್ಥ ಹೇಳುವರ ಮಾತು ನಿಂತ್ರೆ ಭಾಗವತ ಮುಂದಿನ ಪದ್ಯ ಎತ್ತೂದು. ನಿಂತದ್ದು ಯಾರಿಗೂ ಗೊತ್ತಾಗ್ಲಿಕ್ಕಿಲ್ಲ. ಆದ್ರೆ ಒಂದು ಹೇಳ್ತೆ. ನಿಮ್ಮ ಸರ್ ಮಾತು ನಿಂತದ್ದು ನಾನು ಇಪ್ಪತ್ತು ವರ್ಷದಲ್ಲಿ ಕಂಡಿಲ್ಲ.”

ಮಧ್ಯಾಹ್ನ ಗಂಜಿ, ಸುಟ್ಟ ಬಂಗಡೆ, ಮಾವಿನಮಿಡಿ ಉಪ್ಪಿನಕಾಯಿ ಉಂಡು ಹೊರಟೆ. ಭಟ್ಕಳ ಬಸ್ ನಿಲ್ದಾಣದಲ್ಲಿ ಹೂ ಮಾರುವಾಕೆ ಒತ್ತಾಯ ಮಾಡಿ ಒಂದು ಮೊಳ ಮಲ್ಲಿಗೆ ಕೊಟ್ಟಳು. ಪಕ್ಕದ ಅಂಗಡಿಯಲ್ಲಿ ಇಬ್ಬರು ಅಲ್ಲಿನ ಮುಸ್ಲಿಮರ ಮನೆಮಾತಾದ ನವಾಯತಿಯಲ್ಲಿ ಜಗಳವೋ ಮಾತುಕತೆಯೋ ತಿಳಿಯದ ಹಾಗೆ ಮಾತಾಡುತ್ತಿದ್ದರು. ಸರ್ಕಾರಿ ಬಸ್ಸು ಎರಡೂಕಾಲಿಗೆ ಬಂತು. ಆಧಾರ್ ತೋರಿಸಿ ಹೆಂಗಸರಿಗೆ ಕೊಡುವ ಶೂನ್ಯ ಟಿಕೆಟು ತೆಗೆದುಕೊಂಡೆ. ಹೊನ್ನಾವರಕ್ಕೆ ಮೂವತ್ತೈದು ಕಿಲೋಮೀಟರಿನ ಮೇಲೆ, ಒಂದು ಗಂಟೆ.

ಕಿಟಕಿಯ ಬಿಸಿಲು ತಪ್ಪಿಸಿಕೊಳ್ಳುತ್ತ ಪುಸ್ತಕ ತೆರೆದೆ. ಕಡೆಯ ಊಟದ ಭಾಗ. ನಿಮ್ಮಲ್ಲಿ ಒಬ್ಬ ನನ್ನನ್ನು ಒಪ್ಪಿಸುತ್ತಾನೆ ಎಂದು ಗುರು ಹೇಳಿದಾಗ ಶಿಷ್ಯರು ಯೂದನ ಕಡೆ ನೋಡುವುದಿಲ್ಲ. ಪ್ರತಿಯೊಬ್ಬನೂ, ಅದು ನಾನೋ ಎಂದು ಕೇಳುತ್ತಾನೆ. ಈ ಭಾಗವನ್ನು ಎಷ್ಟೋ ಸಲ ಓದಿದ್ದೆ. ಅಂದು ಬಸ್ಸಿನಲ್ಲಿ ಮಾತ್ರ ಅದು ನನಗೆ ಹೊಸದಾಗಿ ಕಂಡಿತು. ಹನ್ನೆರಡು ಜನರೂ ತಮ್ಮ ಬಗ್ಗೆ ಖಚಿತವಾಗಿರಲಿಲ್ಲ. ಆಮೇಲೆ ಪೇತ್ರ ಮಾತ್ರ, ಸತ್ತರೂ ಬಿಡುವುದಿಲ್ಲ ಎಂದು ಗಟ್ಟಿಯಾಗಿ ಹೇಳಿದ. ಬೆಳಗಾಗುವ ಮೊದಲು ಬಿಟ್ಟ. ನಾನು ಯಾರನ್ನು ಬಿಡುತ್ತಿದ್ದೇನೆ? ಸಹಿ ಹಾಕಿದರೆ ಗುರುವನ್ನು. ಹಾಕದಿದ್ದರೆ ಲವೀನಾಳನ್ನು. ಮೂರನೆಯ ದಾರಿ ಒಂದೇ, ಸರ್ ತಾವಾಗಿಯೇ ಸಮಿತಿಗೆ ನಿಜ ಹೇಳುವುದು. ಆರು ವರ್ಷದ ಗೌರವದಲ್ಲಿ ನಾನು ಆ ದಾರಿಯನ್ನು ಇನ್ನೂ ನಂಬಿದ್ದೆ.

ಶರಾವತಿ ಸೇತುವೆ ದಾಟುವಾಗ ಕಂಡಕ್ಟರು ಕೂಗಿ ಹೇಳಬೇಕಾಗಲಿಲ್ಲ, ಬಸ್ಸಿನವರೆಲ್ಲ ತಾವಾಗಿ ನೀರಿನ ಕಡೆ ತಿರುಗಿದರು. ಲವೀನಾಳ ಮನೆ ಪೇಟೆಯಿಂದ ಹತ್ತು ನಿಮಿಷ ನಡಿಗೆ. ಅಂಚೆ ಕಚೇರಿ ದಾಟಿ, ಇಳಿಜಾರಿನಲ್ಲಿ ಎಡಕ್ಕೆ ತಿರುಗಿದರೆ ಮೂರನೆಯದು, ಬಾಗಿಲಿಗೆ ಹಸಿರು ಬಣ್ಣ. ಅವಳ ಅಮ್ಮ ಸೆರಾಫಿನ್ ಆಂಟಿ ಬಾಗಿಲಲ್ಲೇ, “ಯೇ ಬಾಯ್, ಬಾ ಮಗಳೇ, ಒಳಗೆ ಬಾ, ಎಷ್ಟು ಕಪ್ಪಾಗಿದ್ದಿ,” ಎಂದು ಕೈ ಹಿಡಿದರು. ಮುಂದಿನ ಕೋಣೆಯಲ್ಲಿ ಏಳೆಂಟು ಮಕ್ಕಳಿಗೆ ಲವೀನಾ ಗಣಿತ ಹೇಳಿಕೊಡುತ್ತಿದ್ದಳು. ಪ್ರಬಂಧ ನಿಂತ ಮೇಲೆ ಅವಳಿಗೆ ಬೇರೆ ಕೆಲಸವಿರಲಿಲ್ಲ.

ಮಕ್ಕಳು ಹೋದ ಮೇಲೆ ಮುರುಗಲಿನ ಪಾನಕ ಕುಡಿಯುತ್ತ ನಾನು ವಿಷಯ ಹೇಳಿದೆ. ತಾಳಮದ್ದಳೆ, ಸರ್, ನಾನು.

“ಯೂದನಾ?” ಎಂದಳು. “ಒಳ್ಳೆ ಪಾತ್ರ. ಮಾತು ಕಡಿಮೆ, ಹೆಸರು ಜಾಸ್ತಿ.”

ನಾನು ನಗಲಿಲ್ಲ. ಅವಳೂ ನಗಲಿಲ್ಲ.

“ಸೋಮವಾರ ಎಂತ ಮಾಡ್ತೀ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂತ ನನ್ನ ಮನೆಯಲ್ಲಿ ಕೂತು ಹೇಳ್ತೀಯಲ್ಲ, ಅದಕ್ಕೂ ಧೈರ್ಯ ಬೇಕು,” ಎಂದಳು. ಧ್ವನಿ ಏರಿಸಲಿಲ್ಲ. ಅವಳು ಎಂದೂ ಏರಿಸಿದವಳಲ್ಲ.

ಸೆರಾಫಿನ್ ಆಂಟಿ ಒಳಗಿನಿಂದ ಬಂದು ಕುಳಿತರು. ಅವರಿಗೆ ಎಲ್ಲವೂ ಗೊತ್ತಿತ್ತು. “ಗಂಡಸರು ಎಲ್ಲ ಓಡಿದ್ರು ಆ ದಿವಸ,” ಎಂದರು, ಯಾರನ್ನೂ ನೋಡದೆ. “ಯೂದ ಒಬ್ಬನೇ ಅಂತ ಹೇಳ್ತಾರೆ. ಎಲ್ಲರೂ ಓಡಿದ್ರು. ಶಿಲುಬೆ ಹತ್ತಿರ ನಿಂತದ್ದು ಹೆಂಗಸರು. ಅವರನ್ನು ಯಾರೂ ಎಂತದೂ ಕೇಳ್ಲಿಲ್ಲ, ಹಾಂಗಾಗಿ ಅವರು ಸುಳ್ಳು ಹೇಳಬೇಕಾಗ್ಲಿಲ್ಲ.”

“ಅಮ್ಮಾ, ಇವಳನ್ನು ಕೇಳಿದ್ದಾರೆ,” ಎಂದಳು ಲವೀನಾ.

ಒಂದು ಪ್ರಶ್ನೆ ಕೇಳಲೆಂದೇ ನಾನು ಹೊನ್ನಾವರದಲ್ಲಿ ಇಳಿದಿದ್ದೆ. ಒಪ್ಪಿಸು ಎಂಬ ಶಬ್ದದ ಬಗ್ಗೆ ಅವಳು ಬರೆದದ್ದನ್ನು ನಾಳೆ ಯೂದನ ಅರ್ಥದಲ್ಲಿ ಹೇಳಬಹುದೇ? ಯೂದನ ಪರವಾಗಿ ಹೇಳಲು ನನ್ನ ಹನ್ನೊಂದು ಪುಟಗಳಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಇರಲಿಲ್ಲ.

ಅವಳು ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟಳು. “ಹೇಳು. ಆದರೆ ಯಾರದ್ದು ಅಂತಲೂ ಹೇಳು.”

“ಅರ್ಥದಲ್ಲಿ ಹೇಗೆ ಹೇಳಲಿ? ಯೂದ ಅಡಿಟಿಪ್ಪಣಿ ಹಾಕ್ತಾನಾ?”

“ಅದು ನಿನ್ನ ಕಷ್ಟ.”

ಭಾನುವಾರ ಬೆಳಿಗ್ಗೆ ತಾಯಿ ಮಗಳು ಪೂಜೆಗೆ ಹೋಗಿ ಆಶೀರ್ವಾದ ಮಾಡಿಸಿದ ತೆಂಗಿನ ಗರಿ ಹಿಡಿದು ಬಂದರು. ನೀನೂ ಬಾ ಎಂದು ಲವೀನಾಳನ್ನು ಧಾರೇಶ್ವರಕ್ಕೆ ಕರೆದೆ. “ನನ್ನ ಮುಖ ಕಂಡರೆ ಅವರು ಅರ್ಥ ನಿಲ್ಲಿಸಿ ಎದ್ದು ಹೋಗ್ತಾರೆ. ನಿನ್ನ ಪ್ರಯಾಣ ದಂಡ,” ಎಂದಳು. ಬಸ್ ನಿಲ್ದಾಣದವರೆಗೆ ಬಂದು, ಬಸ್ಸು ಹೊರಡುವ ಮೊದಲೇ ತಿರುಗಿ ಹೋದಳು.

ಹನ್ನೆರಡೂವರೆಯ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಹೆದ್ದಾರಿಯ ಬದಿಯಲ್ಲಿ ಅಲ್ಲಲ್ಲಿ ಚಪ್ಪರ ಹಾಕಿ ಜಡೆ ಹೆಣೆದ ಈರುಳ್ಳಿ ಗೊಂಚಲು ತೂಗುಹಾಕಿದ್ದರು. ಪಕ್ಕದಲ್ಲಿದ್ದ ಹೆಂಗಸು, ಈ ವರ್ಷ ಮಂಜು ಬಿದ್ದು ಬೆಳೆ ಸಣ್ಣದಾಯಿತೆಂದೂ, ಆದರೂ ಸಿಹಿ ಕಮ್ಮಿಯಾಗಿಲ್ಲವೆಂದೂ ನಾನು ಕೇಳದೆಯೇ ಹೇಳಿದರು. ಧಾರೇಶ್ವರದಲ್ಲಿ ಇಳಿದಾಗ ಒಂದು ಗಂಟೆ. ಗಾಳಿ ಒಂದಿಷ್ಟೂ ಇರಲಿಲ್ಲ. ದೇವಸ್ಥಾನದ ಕಡೆಯಿಂದ ಊಟ ಮುಗಿಸಿದವರು ಬರುತ್ತಿದ್ದರು. ನಾನು ಎರಡು ಬಾಳೆಹಣ್ಣು ತಿಂದೆ.

ಕಾರ್ಯಕ್ರಮ ಶಾಲೆಯ ಸಭಾಂಗಣದಲ್ಲಿ, ಮೂರು ಗಂಟೆಗೆ. ಎಪ್ಪತ್ತು ಎಂಬತ್ತು ಜನ ಬಂದಿದ್ದರು. ಮುಂದಿನ ಸಾಲಿನಲ್ಲಿ ಇಗರ್ಜಿಯ ಗುರುಗಳು, ಅವರ ಪಕ್ಕ ವಾಚನಾಲಯದ ಅಧ್ಯಕ್ಷರು. ಹಿಂದಿನ ಸಾಲುಗಳಲ್ಲಿ ಮೀನಿನ ಬುಟ್ಟಿ ಹೊರಗಿಟ್ಟು ಬಂದ ಹೆಂಗಸರು. ತಾಂಡೇಲ ಸರ್ ಹೊಳನಗದ್ದೆಯ ತಮ್ಮ ಮನೆಯಿಂದ ಟೆಂಪೋದಲ್ಲಿ ಬಂದಿಳಿದರು. ಬಿಳಿ ಜುಬ್ಬಾ, ಹೆಗಲ ಮೇಲೆ ಶಾಲು. ಜೂನಿನಲ್ಲಿ ನಿವೃತ್ತರಾಗುವವರು ಎಂದು ಆ ನಡಿಗೆ ನೋಡಿದರೆ ಗೊತ್ತಾಗುತ್ತಿರಲಿಲ್ಲ.

“ಬಂದ್ಯಾ ವಸುಧಾ? ಹೆದ್ರಿಕೆ ಆಗ್ತಾ?”

“ಸ್ವಲ್ಪ ಸರ್.”

“ನಿನಗೆ ಯೂದ ಎಂತಕ್ಕೆ ಕೊಟ್ಟೆ, ಗೊತ್ತಾ?”

ಅವರು ಶಾಲು ಸರಿಮಾಡಿಕೊಳ್ಳುತ್ತ ಹೇಳಿದರು. “ಮಾತು ಜಾಸ್ತಿ ಆಡುವರ ಕೈಗೆ ಯೂದನ್ನ ಕೊಟ್ರೆ ಬರೀ ಅಳಿಸ್ತ್ರು. ನೀ ಅಳೂಕೆ ಬಿಡೂದಿಲ್ಲ. ಅಷ್ಟೇ. ಆರು ವರ್ಷದಲ್ಲಿ ನನಗೆ ಪೂರಾ ನಂಬಿಕೆ ಇರೂದು ನಿನ್ನೊಬ್ಬಳ ಮೇಲೇ.”

ಅವರಿಗೆ ಗೊತ್ತಿರಲಿಲ್ಲ. ಹದಿಮೂರು ದಿನ ನಾನು ಬಯಸಿದ್ದು ಇದನ್ನೇ. ಈಗ ತಿಳಿದ ಮೇಲೆ ಅವರ ಮುಖ ನೋಡಲಾಗದೆ ಚೀಲದಿಂದ ಟಿಪ್ಪಣಿ ತೆಗೆದು ಪುಟ ಎಣಿಸತೊಡಗಿದೆ.

ಭಾಗವತರು ತಾಳ ಹಿಡಿದರು. ಮದ್ದಳೆಯ ಮೊದಲ ಪೆಟ್ಟಿಗೆ ಸಭೆ ಸುಮ್ಮನಾಯಿತು. “ಕೋಳಿ ಕೂಗಿದುದೇಕೆ ಪೇತ್ರ, ಬಾಳ ಗೆಳೆಯನ ಮರೆತೆಯಾ” ಎಂಬ ಪದ್ಯ ಮುಗಿದು ಸರ್ ಅರ್ಥ ಎತ್ತಿಕೊಂಡರು. ನಿಜ ಹೇಳಬೇಕೆಂದರೆ, ನಾನು ಭಯ ಮರೆತು ಕೇಳಿದೆ. ಪೇತ್ರನ ಸರೋವರಕ್ಕೆ ಅವರು ತಮ್ಮ ತಂದೆಯ ದೋಣಿಯನ್ನೇ ಇಳಿಸಿದರು. ಇಡೀ ರಾತ್ರಿ ಬೀಸಿ ಒಂದು ಮೀನೂ ಸಿಗದ ಬಲೆಯ ತೂಕ ತುಂಬಿದ ಬಲೆಗಿಂತ ಹೆಚ್ಚು ಎಂದಾಗ ಹಿಂದಿನ ಸಾಲಿನಿಂದ, “ಹೌದೇ ಹೌದು,” ಎಂಬ ದನಿ ಬಂತು. ಬಾ ಎಂದ ಒಂದು ಮಾತಿಗೆ ಬಲೆ, ದೋಣಿ, ಹೆಂಡತಿಯ ತಾಯಿ ಎಲ್ಲವನ್ನೂ ಬಿಟ್ಟು ಬಂದ ತಾನೆಲ್ಲಿ, ಮೂವತ್ತು ಬೆಳ್ಳಿ ನಾಣ್ಯಕ್ಕೆ ಗುರುವಿನ ಕೆನ್ನೆಗೆ ಮುತ್ತಿಟ್ಟು ಗುರುತು ತೋರಿಸಿದ ನೀನೆಲ್ಲಿ ಎಂದು ನನ್ನ ಕಡೆ ಕೈ ಚಾಚಿದರು. ಚಪ್ಪಾಳೆ ಬಿತ್ತು.

ನನ್ನ ಪದ್ಯ ಬಂತು. ಮೊದಲ ಎರಡು ವಾಕ್ಯ ನನಗೇ ಕೇಳಿಸಲಿಲ್ಲ. ಮೈಕು ಹತ್ತಿರ ಎಳೆದುಕೊಳ್ಳುವಂತೆ ಭಾಗವತರು ಕಣ್ಣಿನಲ್ಲಿ ತಿಳಿಸಿದರು.

“ಅಣ್ಣಾ ಪೇತ್ರ,” ಎಂದೆ. “ನನ್ನ ಮೇಲಿರುವ ಆರೋಪ ಒಂದೇ ಶಬ್ದದ್ದು. ಒಪ್ಪಿಸಿದೆ ಎಂದು. ಮುತ್ತನ್ನೂ ನಾಣ್ಯವನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಶಬ್ದವನ್ನು ಒಮ್ಮೆ ತಿರುಗಿಸಿ ನೋಡು. ಶಿಷ್ಯ ಗುರುವಿನ ಮುಂದೆ ಪಾಠ ಒಪ್ಪಿಸುತ್ತಾನೆ. ಪರಲೋಕದ ತಂದೆ ಎಲ್ಲವನ್ನೂ ತನಗೆ ಒಪ್ಪಿಸಿದ್ದಾನೆ ಎಂದು ನಮ್ಮ ಗುರುವೇ ಹೇಳಿದ್ದ. ಕೈಯಿಂದ ಕೈಗೆ ಕೊಡುವುದಕ್ಕೆಲ್ಲ ಅದೇ ಶಬ್ದ. ಪಾಠವನ್ನು ಗುರುವಿಗೆ ಕೊಟ್ಟರೆ ಶಿಷ್ಯ, ಗುರುವನ್ನು ಊರಿಗೆ ಕೊಟ್ಟರೆ ದ್ರೋಹಿ. ನಡುವಿನ ಗೆರೆ ಎಲ್ಲಿ ಎಂದು ನನಗೂ ಆ ಹೊತ್ತು ಕಾಣಲಿಲ್ಲ.”

ಸರ್ ತಲೆಯಾಡಿಸುತ್ತಿದ್ದರು. ಈ ವಾದ ಅವರಿಗೆ ಬಾಯಿಪಾಠ. ಉತ್ತರವೂ ಸಿದ್ಧವಿತ್ತೆಂದು ಕಾಣುತ್ತದೆ.

“ಆದರೆ ಅಣ್ಣಾ, ಇದು ನಾನು ಕಂಡುಕೊಂಡ ಅರ್ಥವಲ್ಲ,” ಎಂದೆ. “ನನಗೆ ಇದನ್ನು ತಿಳಿಸಿಕೊಟ್ಟವಳು ಶರಾವತಿ ದಂಡೆಯ ಒಬ್ಬ ಹೆಣ್ಣುಮಗಳು. ಅವಳ ಮಾತನ್ನು ಅವಳದೆಂದು ಹೇಳದೆ ಮುಂದೆ ಹೋಗಲಾರೆ.”

ಸಭೆ ನಕ್ಕಿತು. “ಯೂದ ಹೊನ್ನಾವರಕ್ಕೆ ಯಾವಾಗ ಬಂದಿದ್ದ?” ಎಂದು ಯಾರೋ ಕೇಳಿದರು. ಇಗರ್ಜಿಯ ಗುರುಗಳೂ ನಕ್ಕರು. ಸರ್ ತಲೆಯಾಡಿಸುವುದು ನಿಂತಿತ್ತು.

“ನಾನು ಒಪ್ಪಿಸಿದೆ. ಬೆಳಗಾಗುತ್ತಲೇ ಹೋಗಿ ತಪ್ಪು ಮಾಡಿದೆ ಎಂದು ಒಪ್ಪಿಕೊಂಡೆ, ನಾಣ್ಯಗಳನ್ನು ಅವರ ಮುಂದೆಯೇ ಎಸೆದೆ. ಅಂಗಳದ ಬೆಂಕಿಯ ಹತ್ತಿರ, ಅವನನ್ನು ಬಲ್ಲೆಯಾ ಎಂದು ನಿನ್ನನ್ನು ಕೇಳಿದರಲ್ಲ, ನೀನು ಒಪ್ಪಿದೆಯಾ?”

ಮೈಕಿನಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಸರ್ ನನ್ನನ್ನು ನೋಡುತ್ತಿದ್ದರು. ಪಾತ್ರದ ನೋಟವಾಗಿರಲಿಲ್ಲ ಅದು. ಭಾಗವತರಿಗೆ ಮಾತು ನಿಂತದ್ದು ತಿಳಿಯಿತು. ತಾಳ ತಟ್ಟಿ ಮುಂದಿನ ಪದ್ಯದ ಮೊದಲ ಅಕ್ಷರ ಎತ್ತಿದರು. ಸರ್ ಕೈ ಎತ್ತಿ ತಡೆದರು.

“ಇರಲಿ ಭಾಗವತರೆ. ಪೇತ್ರ ಉತ್ತರ ಕೊಡಬೇಕು.” ಆಮೇಲೆ ಬಹಳ ತಗ್ಗಿದ ಧ್ವನಿಯಲ್ಲಿ ಹೇಳಿದರು. “ಮೂರು ಸಲ ಕೇಳಿದರು. ಮೊದಲ ಸಲ ಹೇಳುವಾಗ ಸುಳ್ಳೆಂದು ಗೊತ್ತಿತ್ತು. ಎರಡನೆಯ ಸಲವೂ ಗೊತ್ತಿತ್ತು. ಮೂರನೆಯ ಸಲ ನನ್ನ ಕಿವಿಗೇ ಅದು ನಿಜದ ಹಾಗೆ ಕೇಳಿಸಿತು. ಅವಳನ್ನು ನಾನು ಅರಿಯೆ ಎಂದೆ.”

ಪೇತ್ರ ಅರಿಯೆನೆಂದದ್ದು ಯೇಸುವನ್ನು. ಹೇಳಬೇಕಾದ ಶಬ್ದ ‘ಅವನನ್ನು’. ಜನ, ಅಂಗಳದಲ್ಲಿ ಪೇತ್ರನನ್ನು ಪ್ರಶ್ನಿಸಿದ ದಾಸಿಯ ಬಗ್ಗೆ ಹೇಳುತ್ತಿದ್ದಾರೆ ಎಂದುಕೊಂಡಿರಬೇಕು. ನನಗೆ ಹೇಳಬೇಕಾದ ಮಾತು ಇನ್ನೂ ಇತ್ತು, ಬಾಯಿಗೆ ಬರಲಿಲ್ಲ. ಈ ಸಲ ಭಾಗವತರು ಪದ್ಯ ಎತ್ತಿದರು, ಯಾರೂ ತಡೆಯಲಿಲ್ಲ.

ಐದೂವರೆಗೆ ಮಂಗಳವಾಯಿತು. ಅವಲಕ್ಕಿ, ಚಾ. ಭಾಗವತರು ನನ್ನ ಕಿವಿಯ ಹತ್ತಿರ ಬಂದು, “ಸರ್‌ಗೆ ವಯಸ್ಸಾತು ಮಾರಾಯ್ತಿ. ಯೇಸು ಹೋಗಿ ಯಾವುದೋ ಹೆಂಗ್ಸು ಬಂತು,” ಎಂದು ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ.

ಬಸ್ಸಿಗೆ ಸರ್ ನನ್ನ ಜೊತೆಯೇ ಹೊರಟರು. ಇಬ್ಬರದೂ ಕುಮಟಾದ ದಾರಿ. ಹೆದ್ದಾರಿಯವರೆಗೆ ಏಳೆಂಟು ನಿಮಿಷ ನಡೆದೆವು. ತಂಗುದಾಣದಲ್ಲಿ ಬೇರೆ ಯಾರೂ ಇರಲಿಲ್ಲ.

“ಸರ್, ಇವತ್ತು ನೀವು ಹೇಳಿದ ಅರ್ಥ...”

“ಅರ್ಥ ಅಲ್ಲೇ ಮುಗೀತು,” ಎಂದರು ತಕ್ಷಣ. “ಮಂಗಳ ಆದ್ಮೇಲೆ ಅದ್ನ ಎತ್ತಬಾರ್ದು. ಪೇತ್ರ ಹೇಳ್ದ, ನಾನಲ್ಲ.”

ಇದು ತಾಳಮದ್ದಳೆಯವರು ಪಾಲಿಸುವ ಮರ್ಯಾದೆ. ಅಲ್ಲಿ ಒಬ್ಬರನ್ನೊಬ್ಬರು ಎಷ್ಟು ಹೀಯಾಳಿಸಿದರೂ ಹೊರಗೆ ಬಂದು ಒಂದೇ ಎಲೆಯಡಿಕೆ ಹಂಚಿಕೊಳ್ಳುತ್ತಾರೆ. ನನಗೆ ಅದನ್ನು ಕಲಿಸಿದ್ದೂ ಇವರೇ. ಅಲ್ಲಿ ಒಪ್ಪಿಕೊಂಡದ್ದನ್ನು ಇಲ್ಲಿ ಒಪ್ಪುವುದಿಲ್ಲ ಎಂಬುದಕ್ಕೂ ಅದೇ ಮರ್ಯಾದೆಯನ್ನು ಅಡ್ಡ ಹಿಡಿಯಬಹುದೆಂದು ನಾನು ಯೋಚಿಸಿರಲಿಲ್ಲ. ಬಸ್ಸಿನಲ್ಲಿ ನಂಬಿದ್ದ ಮೂರನೆಯ ದಾರಿ ಅಲ್ಲಿಗೆ ಮುಚ್ಚಿತು.

“ಹಾಗಾದರೆ ಹೊರಗಿನ ಮಾತು ಹೇಳ್ತೇನೆ ಸರ್,” ಎಂದೆ. “ಸಮಿತಿಗೆ ಪತ್ರ ಬರೆದವಳು ನಾನು. ನಾಳೆ ಹನ್ನೊಂದಕ್ಕೆ ಹೋಗಿ ಸಹಿ ಹಾಕ್ತೇನೆ. ನಿಮಗೆ ಬೇರೆಯವರಿಂದ ಗೊತ್ತಾಗಬಾರದು.”

ಒಂದು ಲಾರಿ ಹೋಯಿತು. ಧೂಳು ಇಳಿಯುವವರೆಗೆ ಅವರು ಕಣ್ಣು ಮುಚ್ಚಿಕೊಂಡಿದ್ದರು.

“ನೀನಾ?”

“ಹೌದು ಸರ್.”

“ಎಷ್ಟು ದಿವ್ಸ ಆತು?”

“ಹದಿನೆಂಟು.”

“ಮತ್ತೆ ನಾ ಯೂದ ಕೊಟ್ಟಾಗ ಹೂಂ ಎಂತಕ್ಕೆ ಅಂದೆ?”

“ಬೇಡ ಅಂದಿದ್ದರೆ ಕಾರಣ ಹೇಳಬೇಕಾಗ್ತಿತ್ತು.”

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸುಲಭವಿತ್ತು. ಶಾಲನ್ನು ಹೆಗಲಿನಿಂದ ತೆಗೆದು ಮಡಿಸಿದರು, ಮತ್ತೆ ಬಿಚ್ಚಿ ಮಡಿಸಿದರು. ಆರು ವರ್ಷದಲ್ಲಿ ಮೊದಲ ಸಲ ಅವರು ನನಗೆ ಮುದುಕರ ಹಾಗೆ ಕಂಡರು. ಅದನ್ನು ಮಾಡಿದವಳು ನಾನು ಎಂದೂ ಅನ್ನಿಸಿತು, ನಾನಲ್ಲ ಎಂದೂ ಅನ್ನಿಸಿತು.

ಕುಮಟಾ ಬಸ್ಸು ದೂರದಲ್ಲಿ ಕಾಣಿಸಿತು. ನಾನು ಕೈ ಅಡ್ಡ ಹಿಡಿದೆ.

“ಲವೀನಾಂದು ಮನೆ ಹೊನ್ನಾವರದಲ್ಲಿ ಎಲ್ಲಿ ಬತ್ತು?” ಎಂದು ಕೇಳಿದರು.

ಅವಳ ಹೆಸರನ್ನು ಅವರ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. “ಅಂಚೆ ಕಚೇರಿ ದಾಟಿ, ಇಳಿಜಾರಿನಲ್ಲಿ ಎಡಕ್ಕೆ, ಮೂರನೇ ಮನೆ ಸರ್,” ಎಂದೆ. ಬೇರೆ ಏನಾದರೂ ಹೇಳಬೇಕಿತ್ತೇನೋ. ಬಸ್ಸು ಬಂದು ನಿಂತಿತ್ತು, ಕಂಡಕ್ಟರು ಸೀಟಿ ಹೊಡೆಯುತ್ತಿದ್ದ. ನಾನು ಹತ್ತಿದೆ. ಸರ್ ಹತ್ತಲಿಲ್ಲ.

ಹಿಂದಿನ ಸೀಟಿನವರೆಗೆ ಹೋಗಿ ಗಾಜಿನಲ್ಲಿ ನೋಡಿದೆ. ಹೊನ್ನಾವರದ ಬಸ್ಸು ನಿಲ್ಲುವುದು ರಸ್ತೆಯ ಆಚೆ ಬದಿ. ಅವರು ಅರ್ಧ ರಸ್ತೆ ದಾಟಿ, ನಡುವಿನ ದಿಣ್ಣೆಯ ಮೇಲೆ ನಿಂತಿದ್ದರು. ಎರಡೂ ಕಡೆ ವಾಹನಗಳು ಹೋಗುತ್ತಿದ್ದವು. ಶಾಲು ಕೈಯಲ್ಲೇ ಇತ್ತು. ನಮ್ಮ ಬಸ್ಸು ತಿರುವಿಗೆ ಬರುವವರೆಗೂ ಅವರು ಆಚೆಗೂ ಹೋಗಿರಲಿಲ್ಲ, ಈಚೆಗೂ ಬಂದಿರಲಿಲ್ಲ.